ಪುಣ್ಯಕೋಟಿ ಕಥೇಲಿ ದಂಗೆ ಎದ್ದಿದ್ದು ಹುಲಿ

ಗೋವಿನ ಹಾಡಲ್ಲಿ ತನಗೆ ಕೊಟ್ಟಿರೋ ಪಾರ್ಟು ಮಾಡಲ್ಲ ಅಂತ ಕೈ ಎತ್ತಿದ್ದು ಯಾರು ಅಂತ ಕೇಳಿದ್ರೆ ಎಲ್ರೂ ಮೊದ್ಲು ಹೇಳೋದು ಪುಣ್ಯಕೋಟಿ ಹೆಸರೇ, ಯಾಕಂದ್ರೆ ಹಾಡು ಅವಳದ್ದು, ಕ್ಲಾಸಲ್ಲಿ ಕಣ್ಣೀರು ಹಾಕಿಸಿದ್ದೂ ಅವಳೇ. ಆದ್ರೆ ಸ್ವಲ್ಪ ಯೋಚ್ನೆ ಮಾಡಿ ನೋಡಿ, ಆ ಹಸು ಮೊದಲಿಂದ ಕೊನೇವರ್ಗೂ ತನ್ನಿಂದ ಎಲ್ರೂ ಏನು ನಿರೀಕ್ಷೆ ಮಾಡ್ತಾರೋ ಅದನ್ನೇ ಮಾಡೋದು. ಕರುಗೆ ಹಾಲು ಕುಡಿಸುತ್ತೆ, ಮಿಕ್ಕ ಹಸುಗಳಿಗೆ ಕರುನ ಒಪ್ಪಿಸುತ್ತೆ, ಹೇಳಿದ ಟೈಮಿಗೆ ಗವಿ ಬಾಗ್ಲಿಗೆ ಬಂದು ನಿಲ್ಲುತ್ತೆ. ಪಾರ್ಟು ಬಿಟ್ಟಿದ್ದು ಹುಲಿ. ಹಸಿದು ಕೂತಿದೆ, ಎದುರಿಗೆ ಊಟ ತಾನಾಗೇ ನಡ್ಕೊಂಡು ಬಂದಿದೆ, ಕಥೆ ಪ್ರಕಾರ ಅದು ಮಾಡಬೇಕಾಗಿರೋದು ಒಂದೇ ಕೆಲ್ಸ, ಆ ಒಂದು ಕೆಲ್ಸನೇ ಅದು ಮಾಡಲ್ಲ. ನೀನು ನನ್ನ ಒಡಹುಟ್ಟಿದ ಅಕ್ಕ ಅಂತ ಹೇಳಿ ಪ್ರಾಣ ಬಿಡುತ್ತೆ. ಹುಲಿ ಪಾರ್ಟು ಮಾಡೋಕೆ ಮನಸ್ಸು ಬರ್ಲಿಲ್ಲ, ಬೇರೆ ಪಾರ್ಟು ಆ ಕಥೇಲಿ ಖಾಲಿ ಇರ್ಲಿಲ್ಲ.

(ಆ ಕಾಳಿಂಗ ಗೊಲ್ಲನ ಬಗ್ಗೆ ನಂಗೆ ಚಿಕ್ಕಂದಿನಿಂದ ಒಂದು ತಕರಾರಿದೆ. ಶುರುವಿನಲ್ಲಿ ಅಷ್ಟು ಬಿಲ್ಡಪ್ಪು, ಕೊಳಲು, ಹೆಸರಿಡಿದು ಹಸುಗಳನ್ನ ಕರೆಯೋದು, ಆಮೇಲೆ ಒಂದು ಹಸು ಮನೆಗೆ ಬಂದಿಲ್ಲ ಅಂದ್ರೆ ಆಸಾಮಿ ಪತ್ತೇನೇ ಇಲ್ಲ.)

ಈಗ ಈ ಥರದ ಹುಲಿಗಳು ಎಲ್ಲಾ ಕಡೆ ಸಿಗ್ತಾವೆ. ಸಿನಿಮಾದಲ್ಲಿ, ಮಕ್ಕಳ ಪುಸ್ತಕದಲ್ಲಿ, ಮೈಸೂರಿನ ಬೇಸಿಗೆ ಶಿಬಿರಗಳ ಕೊನೇ ದಿನದ ನಾಟಕದಲ್ಲಿ, ರಾಜಕುಮಾರಿ ಮದ್ವೆ ಬೇಡ ಅಂತಾಳೆ, ತೋಳ ನಂದೇನೂ ತಪ್ಪಿಲ್ಲ ಅಂತ ಪ್ರೆಸ್ ಮೀಟ್ ಮಾಡುತ್ತೆ, ಮಾಟಗಾತಿ ತನ್ನ ಬಾಲ್ಯದ ಕಷ್ಟ ಹೇಳ್ಕೊಂಡು ಅಳ್ತಾಳೆ. ನೋಡೋಕೆ ಖುಷಿಯಾಗುತ್ತೆ, ಆದ್ರೆ ಒಂದು ತಲೆಹರಟೆ ಪ್ರಶ್ನೆ ಉಳ್ಕೊಳ್ಳುತ್ತೆ. ಪಾತ್ರ ಅಂದ್ರೆ ಯಾರೋ ಕಟ್ಟಿದ್ದು, ಅದಕ್ಕೆ ಸ್ವಂತ ಇಷ್ಟ ಎಲ್ಲಿಂದ ಬರ್ಬೇಕು? ದಂಗೆ ಏಳು ಅಂತ ಬರೆದೋನೂ ಲೇಖಕನೇ ತಾನೆ, ಹಂಗಿದ್ಮೇಲೆ ಯಾರು ಯಾರ ಮೇಲೆ ದಂಗೆ ಎದ್ದಂಗಾಯ್ತು?

ಇದಕ್ಕೆ ಉತ್ತರ ಬೇಕು ಅಂದ್ರೆ ಮೊದ್ಲು ಬರೆದಿಟ್ಟ ಪಾರ್ಟು ಅಂದ್ರೇನು ಅಂತ ನೋಡ್ಬೇಕು, ಅದಕ್ಕೆ ರಷ್ಯಾಕ್ಕೆ ಹೋಗ್ಬೇಕು. 1928ರಲ್ಲಿ ವ್ಲಾದಿಮಿರ್ ಪ್ರೋಪ್ ಅನ್ನೋ ವಿದ್ವಾಂಸ ರಷ್ಯಾದ ನೂರು ಮಾಂತ್ರಿಕ ಕಥೆಗಳನ್ನ ತಗೊಂಡು, ಇದರಲ್ಲಿ ಯಾರ್ಯಾರು ಇದ್ದಾರೆ ಅನ್ನೋದನ್ನ ಪಕ್ಕಕ್ಕಿಟ್ಟು, ಏನೇನು ನಡೆಯುತ್ತೆ ಅನ್ನೋದನ್ನ ಮಾತ್ರ ಪಟ್ಟಿ ಮಾಡಿದ. ಮನೆಯಿಂದ ಯಾರೋ ಹೊರಡ್ತಾರೆ, ಒಂದು ನಿಷೇಧ ಇರುತ್ತೆ, ಅದನ್ನ ಮುರೀತಾರೆ, ಖಳ ಬಂದು ಏನಾದ್ರೂ ಹೊತ್ಕೊಂಡು ಹೋಗ್ತಾನೆ, ನಾಯಕನಿಗೆ ಯಾರೋ ಮಂತ್ರದ ವಸ್ತು ಕೊಡ್ತಾರೆ, ಹೀಗೆ ಹೋಗಿ ಹೋಗಿ ಕೊನೇಗೆ ಮದ್ವೆ, ಪಟ್ಟಾಭಿಷೇಕ. ಇಂಥ 31 ಕೆಲ್ಸಗಳು, ಅವನ್ನ ಹಂಚ್ಕೊಳ್ಳೋಕೆ 7 ಥರದ ಪಾತ್ರಗಳು, ಅಷ್ಟೇ. ಎಲ್ಲಾ ಕಥೇಲೂ 31ಕ್ಕೆ 31 ಇರಲ್ಲ, ಆದ್ರೆ ಇರೋವು ಸಾಮಾನ್ಯವಾಗಿ ಅದೇ ಕ್ರಮದಲ್ಲಿ ಬರ್ತಾವೆ ಅಂದ. ನಮ್ಮ ಮೈಸೂರು ಪ್ಯಾಸೆಂಜರ್ ರೈಲಿನ ಥರ ಅನ್ಕೊಳಿ, ಡ್ರೈವರ್ ಯಾರೇ ಇರ್ಲಿ, ಒಳಗಡೆ ಸೌತೆಕಾಯಿ ಮಾರೋರು ಕೂತಿರ್ಲಿ ಕಾಲೇಜು ಹುಡುಗ್ರು ಕೂತಿರ್ಲಿ, ಶ್ರೀರಂಗಪಟ್ಟಣ ಆದ್ಮೇಲೆ ಪಾಂಡವಪುರ, ಅದಾದ್ಮೇಲೆ ಎಲಿಯೂರು, ಆಮೇಲೆ ಮಂಡ್ಯ.

ಪ್ರೋಪ್ ಹೇಳಿದ್ದನ್ನ ಇಟ್ಕೊಂಡ್ರೆ ಈಗಿನ ಎಷ್ಟೋ ದಂಗೆಗಳ ಬಣ್ಣ ಬಯಲಾಗುತ್ತೆ. 2014ರಲ್ಲಿ ಬಂದ ಮೆಲೆಫಿಸೆಂಟ್ ಸಿನಿಮಾ ನೋಡಿದ್ರೆ ಗೊತ್ತಿರುತ್ತೆ, ನಿದ್ರಿಸೋ ರಾಜಕುಮಾರಿ ಕಥೇನ ಶಾಪ ಕೊಟ್ಟೋಳ ಕಡೆಯಿಂದ ಹೇಳ್ತಾರೆ. ರಾಜಕುಮಾರ ಮುತ್ತು ಕೊಟ್ರೆ ಏನೂ ಆಗಲ್ಲ, ಶಾಪ ಕೊಟ್ಟೋಳೇ ಅಳ್ತಾ ಹಣೆಗೆ ಮುತ್ತಿಟ್ಟಾಗ ಹುಡುಗಿ ಏಳ್ತಾಳೆ. ಚೆನ್ನಾಗಿದೆ, ನಂಗೂ ಇಷ್ಟ ಆಯ್ತು. ಆದ್ರೆ ಶಾಪ ಇದೆ, ನಿದ್ದೆ ಇದೆ, ನಿಜವಾದ ಪ್ರೀತಿಯ ಮುತ್ತು ಇದೆ, ಎಚ್ಚರ ಇದೆ, ಒಬ್ಬ ಖಳ ಸಾಯೋದೂ ಇದೆ, ಈ ಸಲ ಆ ಸೀಟು ಹುಡುಗಿ ಅಪ್ಪನಿಗೆ ಹೋಗಿದೆ ಅಷ್ಟೇ. ಸ್ಟೇಷನ್ನು ಎಲ್ಲಾ ಅವೇ, ಡ್ರೈವರ್ ಮಾತ್ರ ಚೇಂಜು. ಇದನ್ನ ದಂಗೆ ಅನ್ನೋಕಿಂತ ಖಾತೆ ಬದಲಾವಣೆ ಅನ್ನೋದು ವಾಸಿ. ಪುಣ್ಯಕೋಟಿ ಹುಲಿ ಮಾಡಿದ್ದು ಇದಲ್ಲ ಕಣ್ರೀ, ಅದು ತಿನ್ನೋ ಸ್ಟೇಷನ್ನೇ ಬಿಟ್ಬಿಡ್ತು.

ನಮ್ಮ ಸಂಬಂಧಿಕರ ಒಂದು ಮಗು ಸರಸ್ವತಿಪುರಂನಲ್ಲಿದೆ, ಅದು ಆ ಸಿನಿಮಾನೇ ಮೊದ್ಲು ನೋಡಿದ್ದು. ಆಮೇಲೆ ಯಾವತ್ತೋ ಹಳೇ ಕಥೆ ಓದಿ ಹೇಳಿದ್ರೆ ಮುಖ ಗಂಟು ಹಾಕ್ಕೊಂಡು, ಇವ್ರು ಯಾಕೆ ಸ್ಟೋರಿ ಚೇಂಜ್ ಮಾಡಿದ್ದಾರೆ ಅಂತ ಕೇಳ್ತು. ಅದರ ಪಾಲಿಗೆ ಹಳೇ ಕಥೆಯೇ ತರ್ಲೆ. ನೋಡಿ ಇಲ್ಲೇ ಇರೋದು ವಿಷ್ಯ, ದಂಗೆ ನಡೆಯೋದು ಪುಸ್ತಕದ ಒಳಗಲ್ಲ, ಕೇಳೋರ ತಲೇಲಿ. ಮುಂದೆ ಏನಾಗ್ಬೇಕು ಅಂತ ಕೇಳೋರಿಗೆ ಬಾಯಿಪಾಠ ಇದ್ರೆ ಮಾತ್ರ ಪಾತ್ರ ಅಡ್ಡದಾರಿ ಹಿಡಿದಿದ್ದು ಕಾಣುತ್ತೆ. ಕೆಂಪು ಟೋಪಿ ಹುಡುಗಿ ಕಥೆ ಕೇಳೇ ಇಲ್ದಿರೋರಿಗೆ ಒಳ್ಳೇ ತೋಳ ಅಂದ್ರೆ ಸುಮ್ನೆ ಒಂದು ತೋಳ.

ಹಂಗಾದ್ರೆ ಈ ಬಾಯಿಪಾಠ ಮಾಡ್ಸಿದ್ದು ಯಾರು? ಇಲ್ಲಿ ಬರ್ತಾರೆ ನೋಡಿ ಜರ್ಮನಿಯ ಗ್ರಿಮ್ ಅಣ್ಣತಮ್ಮಂದಿರು. 1812ರಲ್ಲಿ ಅವರ ಕಥೆಗಳ ಮೊದಲ ಭಾಗ ಬಂತು, 1857ರ ಹೊತ್ತಿಗೆ ಏಳನೇ ಆವೃತ್ತಿ. ಈ 45 ವರ್ಷದಲ್ಲಿ, ಮುಖ್ಯವಾಗಿ ತಮ್ಮ ವಿಲ್‌ಹೆಲ್ಮ್, ಕಥೆಗಳನ್ನ ತಿದ್ದಿದ್ದೂ ತಿದ್ದಿದ್ದೇ. ಮೊದಲ ಆವೃತ್ತೀಲಿ ಸ್ನೋ ವೈಟ್‌ನ ಕೊಲ್ಸೋಕೆ ಬೇಟೆಗಾರನ್ನ ಕಳ್ಸೋದು ಮಲತಾಯಿ ಅಲ್ಲ, ಹೆತ್ತ ತಾಯಿ. 1819ರಲ್ಲಿ ಅವಳನ್ನ ಮಲತಾಯಿ ಮಾಡಿದ್ರು. ಹ್ಯಾನ್ಸೆಲ್ ಗ್ರೆಟೆಲ್ ಕಥೇಲೂ ಮಕ್ಕಳನ್ನ ಕಾಡಿಗೆ ಬಿಟ್ಟು ಬರೋಣ ಅಂತ ಗಂಡನಿಗೆ ಹೇಳೋದು ಮೊದ್ಲು ತಾಯಿಯೇ, ಮಲತಾಯಿ ಆಗಿದ್ದು 1840ರಲ್ಲಿ. ಮಕ್ಕಳ ಪುಸ್ತಕದಲ್ಲಿ ಅಮ್ಮ ಅನ್ನೋಳು ಹಂಗೆಲ್ಲಾ ಇರಬಾರ್ದು ಅಂತ. ಕಪ್ಪೆ ರಾಜಕುಮಾರನ ಕಥೆ ಅಂತೂ ಕೇಳಲೇ ಬೇಡಿ, ಗ್ರಿಮ್ ಪುಸ್ತಕದಲ್ಲಿ ಮುತ್ತೂ ಇಲ್ಲ ಗಿತ್ತೂ ಇಲ್ಲ, ರಾಜಕುಮಾರಿಗೆ ರೇಗಿ ಹೋಗಿ ಕಪ್ಪೇನ ಎತ್ತಿ ಗೋಡೆಗೆ ಬಡೀತಾಳೆ, ಆಗ ಅದು ರಾಜಕುಮಾರ ಆಗೋದು.

ಕೆಂಪು ಟೋಪಿ ಹುಡುಗಿ ಕಥೆ ಇನ್ನೂ ಮಜವಾಗಿದೆ. 1697ರಲ್ಲಿ ಫ್ರಾನ್ಸಿನ ಷಾರ್ಲ್ ಪೆರೋ ಅದನ್ನ ಅಚ್ಚು ಹಾಕಿಸಿದಾಗ ತೋಳ ಹುಡುಗೀನ ತಿಂದು ಹಾಕುತ್ತೆ, ಕಥೆ ಮುಗೀತು, ಕೆಳಗಡೆ ಪದ್ಯದಲ್ಲಿ ಒಂದು ನೀತಿ, ಹೆಣ್ಮಕ್ಕಳು ಸಿಕ್ಕಸಿಕ್ಕೋರ ಹತ್ರ ಮಾತಾಡಬಾರ್ದು ಅಂತ. ಗ್ರಿಮ್‌ಗಳು ಒಬ್ಬ ಬೇಟೆಗಾರನ್ನ ಕರ್ಕೊಂಡು ಬಂದು ತೋಳದ ಹೊಟ್ಟೆ ಕೊಯ್ಸಿ ಹುಡುಗೀನ ಹೊರಗೆ ತೆಗೆಸಿದ್ರು. ಎರಡರಲ್ಲೂ ಹುಡುಗಿ ಕೈಲಿ ಏನೂ ಇಲ್ಲ. ಆದ್ರೆ 19ನೇ ಶತಮಾನದ ಕೊನೆ ಕಡೆ ಫ್ರಾನ್ಸಿನ ಹಳ್ಳಿಗಳಲ್ಲಿ ಜನರ ಬಾಯಿಂದ ಬರ್ಕೊಂಡ ಪಾಠ ಒಂದಿದೆ, ಅದ್ರಲ್ಲಿ ಹುಡುಗಿ ಮಂಚದ ಮೇಲೆ ತೋಳದ ಪಕ್ಕದಲ್ಲಿದ್ದಾಗ, ಅಜ್ಜಿ ನಂಗೆ ಅರ್ಜೆಂಟಾಗಿ ಹೊರಗಡೆ ಹೋಗ್ಬೇಕು ಅಂತಾಳೆ. ಇಲ್ಲೇ ಮಾಡ್ಕೋ ಅನ್ನುತ್ತೆ ತೋಳ. ಇವಳು ಕೇಳಲ್ಲ. ಸರಿ ಅಂತ ಅವಳ ಕಾಲಿಗೆ ಒಂದು ದಾರ ಕಟ್ಟಿ ಕಳ್ಸುತ್ತೆ. ಹುಡುಗಿ ಅಂಗಳಕ್ಕೆ ಹೋದವಳೇ ದಾರ ಬಿಚ್ಚಿ ಪ್ಲಮ್ ಮರಕ್ಕೆ ಕಟ್ಟಿ ಒಂದೇ ಓಟ ಕೀಳ್ತಾಳೆ, ತೋಳ ಒಳಗಡೆಯಿಂದ ಇನ್ನೂ ಆಗ್ಲಿಲ್ವಾ ಇನ್ನೂ ಆಗ್ಲಿಲ್ವಾ ಅಂತ ಕೂಗ್ತಾನೇ ಇರುತ್ತೆ. ಬೇಟೆಗಾರನೂ ಬೇಡ, ನೀತಿ ಪದ್ಯನೂ ಬೇಡ.

ಅಂದ್ರೆ ಏನಾಯ್ತು? ನಾವು ಇವತ್ತು ಹೊಸದಾಗಿ ಬಂಡಾಯ ಅಂತ ಬರ್ಸ್ತಾ ಇರೋ ಧೈರ್ಯದ ಹುಡುಗಿ ಹಳ್ಳಿ ಜನರ ಬಾಯಲ್ಲಿ ಆಗ್ಲೇ ಇದ್ಲು, ಅವಳನ್ನ ಪೆದ್ದಿ ಮಾಡಿದ್ದು ಅಚ್ಚಿನ ಪುಸ್ತಕ. ನನ್ನ ಪ್ರಕಾರ ಈ ಇಡೀ ವಿಷ್ಯದ ತಿರುಳು ಇದೇ. ಬಾಯಲ್ಲಿ ಹೇಳೋ ಕಥೇಲಿ ಬರೆದಿಟ್ಟ ಪಾರ್ಟು ಅನ್ನೋದು ಅಷ್ಟು ಬಿಗಿಯಾಗಿರಲ್ಲ, ಹೇಳೋರು ಕೇಳೋರ ಮುಖ ನೋಡ್ಕೊಂಡು ಹೇಳ್ತಾರೆ, ಒಂದು ಊರಲ್ಲಿ ಬದುಕಿದೋನು ಇನ್ನೊಂದೂರಲ್ಲಿ ಸಾಯ್ತಾನೆ. ಪುಸ್ತಕ ಬಂದ್ಮೇಲೆ ಒಂದು ಅಂತ್ಯ ಗಟ್ಟಿಯಾಯ್ತು, ಗಟ್ಟಿಯಾದ್ಮೇಲೆ ಅದನ್ನ ಒಡೆಯೋನು ಬಂಡಾಯಗಾರ ಅನ್ನಿಸ್ಕೊಂಡ.

ನಮ್ಮ ಕಡೆ ನೋಡ್ಬೇಕು ಅಂದ್ರೆ ಮಲೆಮಹದೇಶ್ವರನ ಕಾವ್ಯದ ಸಂಕಮ್ಮನ್ನ ನೋಡಿ. ಮೈಸೂರು, ಮಂಡ್ಯ, ಚಾಮರಾಜನಗರ ಕಡೆ ಕಂಸಾಳೆಯವರು ರಾತ್ರಿಯೆಲ್ಲಾ ಹಾಡೋ ಕಥೆ ಇದು. ಗಂಡ ನೀಲೇಗೌಡ ಕಾಡಿಗೆ ಹೊರಟು ನಿಂತಿದ್ದಾನೆ, ಹೋಗೋ ಮುಂಚೆ ಹೆಂಡ್ತಿ ಹತ್ರ ಬಲಗೈ ಭಾಷೆ ಕೇಳ್ತಾನೆ, ನಾನಿಲ್ದಾಗ ನೆಟ್ಟಗಿರ್ತೀನಿ ಅಂತ ಆಣೆ ಮಾಡು ಅಂತ. ಪತಿವ್ರತೆ ಕಥೆಗಳ ಲೆಕ್ಕದಲ್ಲಿ ಇಲ್ಲಿ ಹೆಣ್ಣು ಭಾಷೆ ಕೊಡ್ಬೇಕು, ಬೇಕಾದ್ರೆ ಬೆಂಕಿಗೂ ಇಳೀಬೇಕು, ಗೆದ್ದು ತೋರಿಸ್ಬೇಕು. ಸಂಕಮ್ಮ ಕೊಡಲ್ಲ ಅಂತಾಳೆ. ಅವನು ಚಿತ್ರಹಿಂಸೆ ಕೊಡ್ತಾನೆ, ಆದ್ರೂ ಕೊಡಲ್ಲ. ಪರೀಕ್ಷೆ ಪಾಸ್ ಆಗೋದು ಬೇರೆ, ಪರೀಕ್ಷೆಗೇ ಕೂರಲ್ಲ ಅನ್ನೋದು ಬೇರೆ. ಆಮೇಲೆ ಮಾದಪ್ಪನೇ, ಅಂದ್ರೆ ಮಹದೇಶ್ವರನೇ, ಅವಳ ಹತ್ರ ಬರ್ತಾನೆ, ಅವಳಿಗೆ ಕಾರಯ್ಯ ಬಿಲ್ಲಯ್ಯ ಅನ್ನೋ ಮಕ್ಕಳಾಗ್ತಾರೆ. ಹಾಡೋರು ಈ ಸಂಕಮ್ಮನ ಸಾಲಿಗೆ ಬಂದಾಗ ಕೂತಿರೋ ಹೆಂಗಸ್ರನ್ನ ನೋಡ್ಬೇಕು ನೀವು, ಅಲ್ಲಿವರ್ಗೂ ತೂಕಡಿಸ್ತಿದ್ದೋರು ಸೆರಗು ಸರಿ ಮಾಡ್ಕೊಂಡು ನೆಟ್ಟಗೆ ಕೂರ್ತಾರೆ. ಇದನ್ನ ಯಾರೂ ಮರುಕಥನ ಅಂತಾಗ್ಲಿ ಸ್ತ್ರೀವಾದಿ ಓದು ಅಂತಾಗ್ಲಿ ಹೆಸರಿಟ್ಟು ಹಾಡಲ್ಲ, ಕಥೆ ಇರೋದೇ ಹಂಗೆ.

ಇನ್ನು ಮಂಡ್ಯದ ಕಡೆ ಕುರುಕ್ಷೇತ್ರ ನಾಟಕ. ಗೊತ್ತಿಲ್ದೋರಿಗೆ ಹೇಳ್ತೀನಿ, ಇಲ್ಲಿ ಊರೋರೇ ದುಡ್ಡು ಕೊಟ್ಟು ಪಾರ್ಟು ತಗೋತಾರೆ, ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಲೆ ಕಲಿಸ್ತಾರೆ, ಎಷ್ಟೋ ಊರಲ್ಲಿ ಕೃಷ್ಣನ ಪಾರ್ಟಿಗೂ ದುರ್ಯೋಧನನ ಪಾರ್ಟಿಗೂ ಭಾರೀ ಪೈಪೋಟಿ. ಮದ್ದೂರು ಕಡೆ ಒಂದೂರಲ್ಲಿ ನೋಡಿದ್ದು ನಂಗೆ ಇನ್ನೂ ಕಣ್ಣಿಗೆ ಕಟ್ಟಿದಂಗಿದೆ. ಬೆಳಗಿನ ಜಾವ, ಡೈರಿಗೆ ಹಾಲು ಹಾಕೋರು ಕ್ಯಾನು ಹಿಡ್ಕೊಂಡು ಹೊರಟಿದ್ದಾರೆ, ದುರ್ಯೋಧನ ಸಾಯೋ ಪುಟ ಬಂದಾಗಿದೆ, ಭೀಮ ಸೈಡ್ ವಿಂಗಲ್ಲಿ ಗದೆ ಹೆಗಲ ಮೇಲಿಟ್ಕೊಂಡು ಆಕಳಿಸ್ತಾ ನಿಂತಿದ್ದಾನೆ. ದುರ್ಯೋಧನ ಹಾಡ್ತಾನೇ ಇದ್ದಾನೆ. ಜನ ಒನ್ಸ್ ಮೋರ್ ಅಂತಾರೆ, ಅವನ ಭಾವಮೈದ ಸ್ಟೇಜ್ ಹತ್ತಿ ನೋಟಿನ ಹಾರ ಹಾಕ್ತಾನೆ, ಕಂದ ಪದ್ಯ ಮತ್ತೆ ಮೊದಲಿಂದ ಶುರು. ಮೇಷ್ಟ್ರು ಕಣ್ಣಲ್ಲೇ ಸಾಯೋ ಮಾರಾಯ ಅಂತ ಸನ್ನೆ ಮಾಡ್ತಿದ್ದಾರೆ, ಇವನು ಆ ಕಡೆ ನೋಡ್ತಾನೇ ಇಲ್ಲ. ಕೊನೇಗೆ ಭೀಮನೇ ತಾಳ್ಮೆಗೆಟ್ಟು ಹಾಡಿನ ಮಧ್ಯ ನುಗ್ಗಿ ಬಂದ. ವ್ಯಾಸರು ಬರೆದ ಸಾವನ್ನ ತಪ್ಪಿಸೋಕೆ ಯಾರಿಗೂ ಆಗಲ್ಲ ನಿಜ, ಆದ್ರೆ ಸೂರ್ಯ ಹುಟ್ಟೋವರ್ಗೂ ಮುಂದಕ್ಕೆ ಹಾಕ್ಬೋದು, ಜನ ಜೊತೆಗಿದ್ರೆ. ಸಾವಿರ ವರ್ಷದ ಹಿಂದೆ ಗದಾಯುದ್ಧ ಬರೆದ ರನ್ನನಿಗೂ ಈ ದುರ್ಯೋಧನನ ಮೇಲೆ ಒಳಗೊಳಗೇ ಪ್ರೀತಿ ಇತ್ತು ಅಂತ ಓದಿದೋರಿಗೆ ಗೊತ್ತಾಗುತ್ತೆ, ನಮ್ಮ ಜನ ಅದನ್ನ ಓದ್ದೇನೇ ಮುಂದುವರ್ಸ್ಕೊಂಡು ಬಂದಿದ್ದಾರೆ.

ಹೇಳೋರಿಗೆ ಕೇಳೋರಿಗೆ ಇಷ್ಟು ಸಲಿಗೆ ಇದ್ರೂ ಎಲ್ರೂ ಒಪ್ತಾರೆ ಅಂತೇನಿಲ್ಲ. ಕುವೆಂಪು 1944ರಲ್ಲಿ ಶೂದ್ರ ತಪಸ್ವಿ ನಾಟಕ ಬರೆದ್ರು. ಮೂಲ ಕಥೇಲಿ ಶೂದ್ರ ತಪಸ್ಸು ಮಾಡಿದ್ದಕ್ಕೆ ಬ್ರಾಹ್ಮಣನ ಮಗ ಸತ್ತ ಅಂತ ದೂರು ಬರುತ್ತೆ, ರಾಮ ಹೋಗಿ ಶಂಬೂಕನ ತಲೆ ಕಡೀತಾನೆ. ಕುವೆಂಪು ನಾಟಕದಲ್ಲಿ ರಾಮ ದೂರು ತಂದೋನನ್ನೂ ಜೊತೇಲಿ ಕರ್ಕೊಂಡು ಹೋಗ್ತಾನೆ, ಅಸ್ತ್ರ ಬಿಡ್ತಾನೆ, ಆ ಅಸ್ತ್ರ ತಪಸ್ವೀನ ಕೊಲ್ಲದೆ ದೂರು ತಂದೋನನ್ನೇ ಅಟ್ಟಿಸ್ಕೊಂಡು ಬರುತ್ತೆ. ಪ್ರೋಪ್ ಲೆಕ್ಕದಲ್ಲಿ ನೋಡಿ, ಅಸ್ತ್ರ ಬಿಡೋವರ್ಗೂ ಎಲ್ಲಾ ಹಳೇ ದಾರಿಯಲ್ಲೇ ಬಂದಿದೆ, ದಾರಿ ತಪ್ಪಿಸಿದ್ದು ಬಾಣ. ಇದಕ್ಕೆ ಮಾಸ್ತಿ ಆಕ್ಷೇಪ ಎತ್ತಿದ್ರು, ಹೊಸ ವಿಚಾರ ಹೇಳಬೇಕಾದ್ರೆ ಹೊಸ ಕಥೆ ಕಟ್ಟಬೋದಲ್ಲ, ಜನರ ಮನಸ್ಸಲ್ಲಿ ನಿಂತಿರೋ ಹಳೇ ಕಥೇನ ಯಾಕೆ ತಿರುಗಿಸ್ಬೇಕು ಅನ್ನೋ ಅರ್ಥದಲ್ಲಿ. ಕುವೆಂಪು ಉತ್ತರಾನೂ ಕೊಟ್ರು. ಮಾಸ್ತಿ ಮಾತನ್ನ ಸುಲಭವಾಗಿ ತಳ್ಳಿ ಹಾಕೋಕಾಗಲ್ಲ, ಅದ್ರಲ್ಲಿ ಒಂದು ನ್ಯಾಯ ಇದೆ, ಆದ್ರೆ ಹೊಸ ಹೆಸರಿನ ರಾಜ, ಹೊಸ ಹೆಸರಿನ ತಪಸ್ವಿ ಅಂತ ಬರೆದಿದ್ರೆ ಆ ಬಾಣ ತಿರುಗಿದ್ದು ಯಾರಿಗೂ ಮೈ ಜುಂ ಅನ್ನಿಸ್ತಿರ್ಲಿಲ್ಲ. ಎಲ್ಲಿಗೆ ಹೋಗ್ಬೇಕಿತ್ತು ಅನ್ನೋದು ಎಲ್ರಿಗೂ ಗೊತ್ತಿದ್ದಿದ್ರಿಂದಾನೇ ಅದು ತಿರುಗಿದ್ದು ಕಂಡಿದ್ದು. ಐದು ವರ್ಷ ಆದ್ಮೇಲೆ, 1949ರಲ್ಲಿ, ಶ್ರೀರಾಮಾಯಣ ದರ್ಶನಂನಲ್ಲಿ ಸೀತೆ ಬೆಂಕಿಗಿಳಿದಾಗ ಕುವೆಂಪು ರಾಮನ್ನೂ ಬೆಂಕಿಗೆ ಇಳಿಸಿದ್ರು.

ಇಲ್ಲಿವರ್ಗೂ ಹೇಳಿದ್ದರಲ್ಲಿ ಪಾತ್ರಗಳಿಗೆ ತಾವು ಕಥೇಲಿದ್ದೀವಿ ಅಂತ ಗೊತ್ತಿಲ್ಲ. ಗೊತ್ತಾದ್ರೆ ಇನ್ನೊಂದು ಮಜಾ ಶುರುವಾಗುತ್ತೆ. ಮೈಸೂರಲ್ಲಿ 1929ರಲ್ಲಿ ಹುಟ್ಟಿ, ಮಹಾರಾಜ ಕಾಲೇಜಲ್ಲಿ ಓದಿ, ಚಿಕಾಗೋದಲ್ಲಿ ಪಾಠ ಮಾಡಿದ ಎ.ಕೆ. ರಾಮಾನುಜನ್ ತಮ್ಮ ರಾಮಾಯಣಗಳ ಪ್ರಬಂಧದಲ್ಲಿ ಅಧ್ಯಾತ್ಮ ರಾಮಾಯಣದ ಒಂದು ಜಗಳ ನೆನಪು ಮಾಡ್ತಾರೆ. ರಾಮ ಕಾಡಿಗೆ ಹೊರಟಿದ್ದಾನೆ, ನೀನು ಬರಬೇಡ ಅಂತಾನೆ, ಸೀತೆ ಬರ್ತೀನಿ ಅಂತಾಳೆ, ವಾದ ಮುಗಿಯಲ್ಲ. ಕೊನೇಗೆ ಸೀತೆ, ಇಲ್ಲಿವರ್ಗೂ ಎಷ್ಟೊಂದು ರಾಮಾಯಣ ಆಗಿದೆಯಲ್ಲ, ಯಾವುದಾದ್ರೂ ಒಂದ್ರಲ್ಲಿ ಸೀತೆ ರಾಮನ ಜೊತೆ ಕಾಡಿಗೆ ಹೋಗ್ದೆ ಇದ್ದಿದ್ದು ಉಂಟಾ ಅಂತ ಕೇಳ್ತಾಳೆ. ರಾಮ ಸುಮ್ನಾಗ್ತಾನೆ. ಎಂಥಾ ಲಾ ಪಾಯಿಂಟು ನೋಡಿ! ಕಥೆ ಮುರೀತಿರೋದು ರಾಮ, ಕಥೆಯಂತೆ ನಡಿ ಅಂತ ಗದರಿಸಿ ಗೆಲ್ಲೋದು ಸೀತೆ. ಬರೆದಿಟ್ಟ ಪಾರ್ಟನ್ನ ಹಿಡ್ಕೊಂಡೇ ಒಂದು ಹೆಣ್ಣು ತನ್ನ ಹಠ ಸಾಧಿಸ್ಕೋತಾಳೆ, ಅಂದ್ರೆ ಪಾತ್ರಕ್ಕೆ ಕಥೆ ಗೊತ್ತಿದ್ದ ಮಾತ್ರಕ್ಕೆ ಅದನ್ನ ಒಡೀಲೇಬೇಕು ಅಂತಿಲ್ಲ.

ಅದೇ ರಾಮಾನುಜನ್ ಸಂಗ್ರಹಿಸಿದ ಕನ್ನಡ ಜನಪದ ಕಥೆ ಒಂದ್ರಲ್ಲಿ ಪಾತ್ರ ಅಲ್ಲ, ಕಥೆಯೇ ದಂಗೆ ಏಳುತ್ತೆ. ಒಬ್ಬ ಹೆಂಗಸಿಗೆ ಒಂದು ಕಥೆ ಗೊತ್ತು, ಒಂದು ಹಾಡು ಗೊತ್ತು, ಯಾರಿಗೂ ಹೇಳಲ್ಲ. ಒಳಗಡೆ ಉಸಿರುಗಟ್ಟಿ ಒಂದಿನ ಅವಳು ಬಾಯಿ ಬಿಟ್ಕೊಂಡು ಮಲಗಿದ್ದಾಗ ಎರಡೂ ಹೊರಗೆ ಬಿದ್ವು, ಕಥೆ ಒಂದು ಜೊತೆ ಬೂಟಾಗಿ ಬಾಗ್ಲಲ್ಲಿ ಕೂತ್ಕೊಳ್ತು, ಹಾಡು ಗಂಡಸಿನ ಕೋಟಾಗಿ ಗೂಟಕ್ಕೆ ನೇತಾಕ್ಕೊಳ್ತು. ಗಂಡ ಬಂದು ನೋಡಿ ಯಾರೇ ಬಂದಿರೋದು ಅಂದ, ಇವಳು ಯಾರೂ ಇಲ್ಲ ಅಂದ್ಲು, ಜಗಳ. ಅವನು ಕಂಬಳಿ ಎತ್ಕೊಂಡು ಹನುಮಪ್ಪನ ಗುಡಿಗೆ ಹೋಗಿ ಮಲ್ಕೊಂಡ. ಊರಲ್ಲಿ ಆರಿಸಿದ ದೀಪಗಳೆಲ್ಲಾ ರಾತ್ರಿ ಆ ಗುಡಿಗೆ ಬಂದು ಹರಟೆ ಹೊಡೀತಾವೆ, ಲೇಟಾಗಿ ಬಂದ ಅವನ ಮನೆ ದೀಪ ನಡೆದಿದ್ದೆಲ್ಲಾ ಬಾಯಿ ಬಿಡ್ತು. ಮನೆಗೆ ಓಡಿ ಬಂದು, ನಿನಗೆ ಗೊತ್ತಿರೋ ಆ ಕಥೆ ಯಾವ್ದು ಹೇಳೇ ಅಂದ್ರೆ, ಅವಳು ಯಾವ ಕಥೆ, ಯಾವ ಹಾಡು ಅಂದ್ಲಂತೆ. ಗಿರೀಶ್ ಕಾರ್ನಾಡರ ನಾಗಮಂಡಲದಲ್ಲಿ, ಅದು 1988ರದ್ದು, ಈ ದೀಪಗಳೂ ಹೆಣ್ಣಿನ ವೇಷದಲ್ಲಿ ಬರೋ ಕಥೇನೂ ಸ್ಟೇಜ್ ಮೇಲೇ ಇರೋದು, ಹಾವು ಸಾಯೋ ಅಂತ್ಯ ದೀಪಗಳಿಗೆ ಹಿಡಿಸಲ್ಲ, ಅದಕ್ಕೇ ರಾಣಿ ಕೂದಲಲ್ಲಿ ಹಾವು ಬದುಕಿ ಉಳಿಯೋ ಇನ್ನೊಂದು ಅಂತ್ಯ ಬರುತ್ತೆ. ಮತ್ತೆ ಅದೇ, ಅಂತ್ಯ ಬದಲಾಯ್ಸಿದ್ದು ಕೇಳೋಕೆ ಕೂತೋರು.

ಪಶ್ಚಿಮದ ಕಡೆ ಇದನ್ನ ಜೋರಾಗಿ ಮಾಡಿದ್ದು 1987ರಲ್ಲಿ ಬ್ರಾಡ್‌ವೇಗೆ ಬಂದ ಇನ್ ಟು ದ ವುಡ್ಸ್ ಅನ್ನೋ ಸಂಗೀತ ನಾಟಕ, ಅದ್ರಲ್ಲಿ ಕೆಂಪು ಟೋಪಿ ಹುಡುಗಿ, ಮಾಟಗಾತಿ ಎಲ್ಲಾ ಇರೋ ಗುಂಪು ತಮ್ಮ ಕಥೆ ಹೇಳ್ತಾ ಪಕ್ಕದಲ್ಲಿ ನಿಂತಿರೋ ನಿರೂಪಕನ್ನೇ ಎಳ್ಕೊಂಡು ಹೋಗಿ ರಾಕ್ಷಸಿಗೆ ಒಪ್ಪಿಸಿಬಿಡುತ್ತೆ. ಅವನು ಸತ್ತ ಮೇಲೆ ಮುಂದೇನು ಅಂತ ಹೇಳೋರೇ ಇಲ್ಲ. ಅಲ್ಲಿಯ ಜನಕ್ಕೆ ಇದು ಶಾಕು. ನಮ್ಮ ಮೂಡಲಪಾಯ ಬಯಲಾಟದಲ್ಲಿ ರಾಜ ಬಂದು ನಿಂತ ತಕ್ಷಣ, ಆಟ ನಡೆಸೋ ಸಾರಥಿ ನೀನು ಯಾರಪ್ಪ, ಯಾವೂರು ಅಂತ ಕೇಳಿ ಕಾಲೆಳೆಯೋದನ್ನ ನೋಡಿ ಬೆಳೆದೋರಿಗೆ, ನಿರೂಪಕನ ಜೊತೆ ಪಾತ್ರ ಮಾತಾಡೋದರಲ್ಲಿ ಅಂಥಾ ಆಶ್ಚರ್ಯ ಏನೂ ಅನ್ನಿಸಲ್ಲ, ಸಾಯಿಸಿದ್ದು ಮಾತ್ರ ಸ್ವಲ್ಪ ಓವರ್ ಆಯ್ತು ಅನ್ನಿಸ್ಬೋದು.

ಮೊದಲು ಕೇಳಿದ್ನಲ್ಲ, ಯಾರು ಯಾರ ಮೇಲೆ ದಂಗೆ ಏಳೋದು ಅಂತ, ಅದಕ್ಕೆ ನಂಗೆ ಸಿಕ್ಕಿರೋ ಅತ್ಯಂತ ಗಟ್ಟಿ ಕೇಸು ಡಾನ್ ಕಿಹೋಟೆದು. ಅದು ಕಿನ್ನರ ಕಥೆ ಅಲ್ಲ, ಆದ್ರೆ ಅವನು ವೀರರ ಕಥೆ ಓದಿ ಓದಿ ತಲೆ ಕೆಟ್ಟೋನು. ಸ್ಪೇನಿನ ಸರ್ವಾಂಟಿಸ್ 1605ರಲ್ಲಿ ಮೊದಲ ಭಾಗ ಬರೆದ, ಸಖತ್ ಹಿಟ್ಟಾಯ್ತು, ಎರಡನೇ ಭಾಗ ಬರೆಯೋ ಅಷ್ಟರಲ್ಲಿ 1614ರಲ್ಲಿ ಅವೆಯನೇಡಾ ಅನ್ನೋ ಹೆಸರಲ್ಲಿ ಯಾರೋ ಒಂದು ಡೂಪ್ಲಿಕೇಟ್ ಎರಡನೇ ಭಾಗ ಬಿಟ್ಬಿಟ್ಟ. ಸರ್ವಾಂಟಿಸ್‌ಗೆ ಉರಿದೋಯ್ತು. 1615ರಲ್ಲಿ ಬಂದ ಅಸಲಿ ಎರಡನೇ ಭಾಗದಲ್ಲಿ ಕಿಹೋಟೆ ಸರಗೋಸಾ ಊರಿಗೆ ಹೊರಟಿರ್ತಾನೆ, ದಾರೀಲಿ ಒಂದು ಛತ್ರದಲ್ಲಿ ಪಕ್ಕದ ರೂಮಿನೋರು ಆ ನಕಲಿ ಪುಸ್ತಕದ ಬಗ್ಗೆ ಮಾತಾಡೋದು ಕೇಳಿಸುತ್ತೆ, ಅದ್ರಲ್ಲಿ ಕಿಹೋಟೆ ಸರಗೋಸಾಗೆ ಹೋದ ಅಂತ ಬರೆದಿದೆ ಅಂತ ಗೊತ್ತಾಗುತ್ತೆ. ಹಂಗಿದ್ರೆ ನಾನು ಆ ಊರಿಗೆ ಕಾಲೇ ಇಡಲ್ಲ ಅಂತ ಹೇಳಿ ಬಾರ್ಸಿಲೋನಾ ಕಡ್ಗೆ ತಿರುಗಿಬಿಡ್ತಾನೆ. ಮುಂದೆ ಇನ್ನೊಂದು ಛತ್ರದಲ್ಲಿ ಆ ನಕಲಿ ಪುಸ್ತಕದ ಒಬ್ಬ ಪಾತ್ರಾನೇ, ಡಾನ್ ಆಲ್ವರೋ ಟಾರ್ಫೆ ಅಂತ, ಇವನ ಕೈಗೆ ಸಿಗ್ತಾನೆ. ಕಿಹೋಟೆ ಬಿಡ್ತಾನಾ, ಛತ್ರಕ್ಕೆ ಬಂದ ಊರಿನ ಮುಖ್ಯಸ್ಥ, ಗುಮಾಸ್ತರ ಮುಂದೇನೇ, ಆ ಪುಸ್ತಕದಲ್ಲಿರೋ ಕಿಹೋಟೆ ಇವನಲ್ಲ ಅಂತ ಆಲ್ವರೋ ಕೈಲಿ ಕಾನೂನು ಪ್ರಕಾರ ಹೇಳಿಕೆ ಬರೆಸ್ಕೋತಾನೆ, ನಮ್ಮಲ್ಲಿ ನೋಟರಿ ಹತ್ರ ಅಫಿಡವಿಟ್ ಮಾಡಿಸ್ತಾರಲ್ಲ, ಥೇಟ್ ಹಂಗೆ.